ಕಾಡಿಗೆ ಹೋಗದವರಿಗೆ ಬಂದ ಮಂಗನ ಕಾಯಿಲೆ: ಒಂದು ಊರಿನ ಪ್ರಕರಣ

ಮಂಗನ ಕಾಯಿಲೆ ಬಗ್ಗೆ ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಒಂದಿಷ್ಟು ಹೇಳುತ್ತಾರೆ. ಮಂಗ ಸಾಯುತ್ತದೆ, ಉಣ್ಣೆ ಕಚ್ಚುತ್ತದೆ, ಜ್ವರ ಬರುತ್ತದೆ, ಅದಕ್ಕೇ ಕಾಡಿಗೆ ಹೋಗಬಾರದು. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಆ ಕೊನೆಯ ಮಾತನ್ನೇ ಜಾಸ್ತಿ ನಂಬಿಕೊಂಡಿದ್ದರಿಂದ ಒಂದು ಊರಿನಲ್ಲಿ ಏನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಆ ವರ್ಷ ಆ ಭಾಗದಲ್ಲಿ ಉಣ್ಣೆ ಹಿಡಿದು ಪರೀಕ್ಷೆಗೆ ಕಳಿಸುವ ತಂಡದ ಜೊತೆ ನಾನಿದ್ದೆ. ಹಾಗಾಗಿ ಕೆಲವನ್ನು ಕಣ್ಣಾರೆ ನೋಡಿದ್ದು, ಉಳಿದದ್ದನ್ನು ಆ ಮನೆಯವರಿಂದ, ಆಶಾ ಕಾರ್ಯಕರ್ತೆಯಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದ ಕೇಳಿದ್ದು.

ಊರಿನ ಹೆಸರು ಹೇಳುವುದಿಲ್ಲ. ಜನರ ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚು, ಲಸಿಕೆ ನಿಂತ ಮೇಲಿನ ಒಂದು ಬೇಸಿಗೆ. ಇಷ್ಟು ಸಾಕು.

ಮೊದಲು ಸ್ವಲ್ಪ ಹಿನ್ನೆಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತೇನೋ ಅಂತ ಮೊದಲು ಗಾಬರಿಯಾಗಿತ್ತು, ಯಾಕೆಂದರೆ ದಕ್ಷಿಣ ಅಮೆರಿಕದಲ್ಲೂ ಮೊದಲು ಸಾಯುವುದು ಮಂಗಗಳೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಬಂದು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದೇ ಹಳದಿ ಜ್ವರ, ಡೆಂಗಿಗಳ ಕುಲದ್ದು, ಆದರೆ ಹತ್ತಿರದ ನಂಟು ಇದ್ದದ್ದು ರಷ್ಯಾದ ಕಡೆಯ ಉಣ್ಣೆ ಜ್ವರದ ವೈರಸ್ ಜೊತೆ. ಸೊಳ್ಳೆಯಿಂದಲ್ಲ, ಉಣ್ಣೆಯಿಂದ ಹರಡುವಂಥದ್ದು. ಹಾಗಾಗಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ ಎಂಬ ಹೆಸರು ಬಂತು. ನಮ್ಮವರಿಗೆ ಮಂಗನ ಕಾಯಿಲೆ.

ಉಣ್ಣೆಯ ಲೆಕ್ಕ ಗೊತ್ತಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ, ಆದ್ದರಿಂದ ಅದನ್ನೂ ಹೇಳುತ್ತೇನೆ. ಹಿಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣ್ಣೆಯೇ ಇಲ್ಲಿ ಮುಖ್ಯ. ದೊಡ್ಡ ಉಣ್ಣೆ ಮಳೆಗಾಲದಲ್ಲಿ ದನದ ಮೈಮೇಲೆ ರಕ್ತ ಕುಡಿದು ಉದುರಿ ಮೊಟ್ಟೆ ಇಡುತ್ತದೆ. ಮಳೆ ಕಳೆದ ಮೇಲೆ ಮರಿ ಹೊರಬರುತ್ತದೆ. ಆ ಮರಿ ಇಲಿಯನ್ನೋ ಹಕ್ಕಿಯನ್ನೋ ಮಂಗವನ್ನೋ ಕಚ್ಚಿ, ಉದುರಿ, ಪೊರೆ ಬಿಟ್ಟು ಎರಡನೇ ಹಂತಕ್ಕೆ ಬರುತ್ತದೆ. ಮರಿಯಾಗಿದ್ದಾಗ ಒಳಗೆ ಹೋದ ವೈರಸ್ ಪೊರೆ ಬಿಟ್ಟರೂ ಹೋಗುವುದಿಲ್ಲ. ಈ ಎರಡನೇ ಹಂತದ ಉಣ್ಣೆಯೇ ಮನುಷ್ಯರನ್ನು ಕಚ್ಚುವುದು. ಎಳ್ಳಿನಷ್ಟೇ ಇರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ, ಕಾಯಿಲೆಯ ಕಾಲವೂ ಅದೇ. ವೈರಸ್ ಹೊತ್ತ ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೇಲಿದ್ದ ಉಣ್ಣೆಗಳೆಲ್ಲ ಅಲ್ಲೇ ಕೆಳಗೆ ಇಳಿಯುತ್ತವೆ. ಮಂಗ ಸತ್ತ ಜಾಗ ಅಪಾಯ ಅನ್ನುವುದು ಇದಕ್ಕೇ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಈಗ ಊರು. ಒಂದು ಮುಖ್ಯ ರಸ್ತೆಯ ಊರಲ್ಲ, ಬಿಡಿ ಬಿಡಿ ಮನೆಗಳು, ಮನೆ ಕೆಳಗೆ ಅಡಿಕೆ ತೋಟ, ಮನೆ ಹಿಂದೆ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಸೌದೆ ಎಲ್ಲ ಆ ಬೆಟ್ಟದಿಂದಲೇ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಹೊರಗಿನವರಿಗಾಗಿ: ದರಕು ಅಂದರೆ ಒಣಗಿ ಬಿದ್ದ ತರಗೆಲೆ. ಅದನ್ನು ಗುಡಿಸಿ, ದೊಡ್ಡ ಹೆಡಿಗೆಯಲ್ಲಿ ಹೊತ್ತು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಾರೆ. ಸಗಣಿ ಗಂಜಲದ ಜೊತೆ ಕೊಳೆತು ಅದೇ ತೋಟಕ್ಕೆ ಗೊಬ್ಬರವಾಗುತ್ತದೆ. ದರಕು ಗುಡಿಸುವುದು ಜನವರಿಯಿಂದ ಮಾರ್ಚ್‌ವರೆಗೆ, ಎಲೆ ಉದುರುವ ಕಾಲದಲ್ಲಿ. ಉಣ್ಣೆಯ ಕಾಲವೂ ಅದೇ ಅಂತ ಮೇಲೆ ಹೇಳಿದೆನಲ್ಲ.

ಆ ಊರಿನಲ್ಲಿ ಕಾಯಿಲೆ ಹೊಸದಲ್ಲ. ಅಕ್ಕಪಕ್ಕದ ಊರುಗಳಲ್ಲಿ ಹಿಂದೆ ಬಂದಿತ್ತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಕಾಯಿಲೆ ಹರಡಿದ್ದು ಎಲ್ಲರಿಗೂ ನೆನಪಿತ್ತು. ಹೆಚ್ಚಿನ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಇದರ ಲಸಿಕೆಯ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಇಂಜೆಕ್ಷನ್ ವಿಷಯಕ್ಕೆ ಮುಂದೆ ಬರುತ್ತೇನೆ, ಅದೊಂದು ಬೇರೆಯೇ ತಲೆನೋವು.

ಕಮಲಕ್ಕನ ಜ್ವರ

ಅವರನ್ನು ಕಮಲಕ್ಕ ಎನ್ನೋಣ. ನಲವತ್ತೈದರ ಆಸುಪಾಸು. ಮನೆ, ಅಡುಗೆ, ಎರಡು ಹಸು, ಒಂದು ಕರು, ಕೊನೆಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯುವವರಿಗೆ ಕಾಫಿ ತಿಂಡಿ. ಜನವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಚಳಿ ಹಿಡಿಯಿತು. ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಮುಟ್ಟಿದರೆ ಕಿರುಚುವಷ್ಟು ನೋವು. ಮೊದಲ ದಿನ ಕಷಾಯ, ಎರಡನೇ ದಿನ ಪ್ಯಾರಾಸಿಟಮಾಲ್. ಮೂರನೇ ದಿನ ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು.

ಅಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದರು, ಅದು ನಿಜ. ಆ ಭಾಗದ ಡಾಕ್ಟರುಗಳು ಬೇಸಿಗೆಯಲ್ಲಿ ಜ್ವರ ಅಂತ ಬಂದವರನ್ನೆಲ್ಲ ಕೇಳುತ್ತಾರೆ.

"ಕಾಡಿಗೆ ಹೋಗಿದ್ರೇನಮ್ಮ?"

"ಇಲ್ಲ ಡಾಕ್ಟ್ರೇ, ನಾನೆಲ್ಲಿ ಹೋಗ್ಲಿ, ಮನೆ ಬಿಟ್ಟು ಹೊರಗೇ ಹೋಗಿಲ್ಲ."

ಅಲ್ಲಿಗೆ ಕೆಎಫ್‌ಡಿ ಪಟ್ಟಿಯಿಂದ ಬಿಟ್ಟುಹೋಯಿತು. ಡೆಂಗಿ ಪರೀಕ್ಷೆ ಮಾಡಿದರು, ಇಲ್ಲ ಅಂತ ಬಂತು. ಟೈಫಾಯ್ಡಿಗೆ ಮಾಡುವ ವಿಡಾಲ್ ಪರೀಕ್ಷೆ ಮಾಡಿದರು, ಸ್ವಲ್ಪ ಪಾಸಿಟಿವ್ ಅಂತ ಬಂತು. ನಮ್ಮ ಕಡೆ ಟೈಫಾಯ್ಡ್ ಯಾವಾಗಲೋ ತಗುಲಿ ಹೋದವರು ಬೇಕಾದಷ್ಟಿದ್ದಾರೆ, ಒಂದೇ ಒಂದು ಸಲ ಮಾಡಿದ ವಿಡಾಲ್ ಅವರಲ್ಲಿ ಯಾವ ಜ್ವರ ಬಂದಾಗಲೂ ಹೀಗೆ ಅರೆಬರೆ ಪಾಸಿಟಿವ್ ತೋರಿಸಬಹುದು. ಆದರೂ ಚೀಟಿಯಲ್ಲಿ ಏನೋ ಒಂದು ಹೆಸರು ಸಿಕ್ಕಿತಲ್ಲ, ಮನೆಯವರಿಗೂ ಸಮಾಧಾನ. ಟೈಫಾಯ್ಡ್ ಅಂತ ಆ್ಯಂಟಿಬಯೊಟಿಕ್ ಶುರುವಾಯಿತು. ಮೈಕೈ ನೋವಿಗೆ ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟರು.

ಈ ಇಂಜೆಕ್ಷನ್ ಬಗ್ಗೆ ಒಂದು ಮಾತು. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಿಗೆ ರಕ್ತಸ್ರಾವ ಆಗುತ್ತದೆ. ಅಂಥ ಹೊತ್ತಿನಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ತರಹದ ನೋವಿನ ಔಷಧಿ ಅಪಾಯ ಹೆಚ್ಚಿಸುತ್ತವೆ. ಡೆಂಗಿಗೂ ಇದೇ ಮಾತು. ಮಲೆನಾಡಿನ ಬೇಸಿಗೆಯಲ್ಲಿ ಕಾರಣ ಗೊತ್ತಾಗದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬಾರದು ಅಂತ ಮೆಡಿಕಲ್ ಶಾಪಿನವರಿಗೂ ಹೇಳಿಕೊಡಬೇಕು ಅಂತ ನನಗೆ ಅನಿಸುತ್ತದೆ, ಯಾಕೆಂದರೆ ಅರ್ಧ ಜನ ಡಾಕ್ಟರ ಹತ್ತಿರ ಹೋಗುವ ಮೊದಲು ಅಲ್ಲಿಗೇ ಹೋಗುವುದು.

ನಾಲ್ಕನೇ ದಿನ ಕಣ್ಣು ಕೆಂಡದಂತಾದವು. ವಾಂತಿ. ಬಾಯಿಗೆ ಏನೂ ಸೇರುತ್ತಿರಲಿಲ್ಲ.

ಯಾರೂ ಕೇಳದಿದ್ದ ಪ್ರಶ್ನೆ

ಪ್ರಕರಣ ತಿರುಗಿದ್ದು ಆ ಊರಿನ ಆಶಾ ಕಾರ್ಯಕರ್ತೆಯಿಂದ. ಜ್ವರದ ಸಮೀಕ್ಷೆಗೆ ಮನೆ ಮನೆ ಸುತ್ತುವಾಗ ಅವರು ಕಮಲಕ್ಕನ ಮನೆಗೆ ಬಂದರು. ಅವರ ಕೈಯಲ್ಲಿದ್ದ ಪುಸ್ತಕದಲ್ಲಿಯೂ ಅದೇ ಪ್ರಶ್ನೆ ಇತ್ತು, ಕಾಡಿಗೆ ಹೋಗಿದ್ದರೇ ಇಲ್ಲವೇ. ಇಲ್ಲ ಅಂತ ಬರೆದುಕೊಂಡು ಹೊರಡಬಹುದಿತ್ತು. ಆದರೆ ಅವರೂ ಅದೇ ಊರಿನವರು, ಅವರ ಮನೆಯಲ್ಲೂ ಕೊಟ್ಟಿಗೆ ಇದೆ. ಅಂಗಳದ ಪಕ್ಕದಲ್ಲಿ ಆಳೆತ್ತರದ ದರಕಿನ ರಾಶಿ ಕಣ್ಣಿಗೆ ಬಿತ್ತು.

"ಕಮಲಕ್ಕಾ, ದರಕು ಯಾವಾಗ ತಂದದ್ದು?"

"ಹೋದ ವಾರ ಕಣೇ. ಆಳುಗಳು ಹೊತ್ತು ಹಾಕಿದ್ರು."

"ಕೊಟ್ಟಿಗೆಗೆ ಹಾಸಿದ್ದು ಯಾರು?"

"ಇನ್ಯಾರು ಹಾಸ್ತಾರೆ ಮಾರಾಯ್ತಿ, ನಾನೇ."

ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟವರು ಕಮಲಕ್ಕನ ಗಂಡ. ದರಕು ಗುಡಿಸಿದ ಬೆಟ್ಟದ ಮೇಲ್ಭಾಗದಲ್ಲಿ ಕೆಲವು ದಿನಗಳಿಂದ ಕೆಟ್ಟ ವಾಸನೆ ಬರುತ್ತಿತ್ತಂತೆ. ಅದಕ್ಕೂ ಮೊದಲು ಒಂದು ಮುಸುವ (ಕಪ್ಪು ಮುಖದ ಮಂಗ) ತೋಟದ ಅಂಚಿನಲ್ಲೇ ಸತ್ತು ಬಿದ್ದಿತ್ತು. ಅದನ್ನು ಊರಿನ ಹುಡುಗರು ಅರಿಸಿನ ಕುಂಕುಮ ಹಾಕಿ ಮಣ್ಣು ಮಾಡಿದ್ದರು. ಯಾರಿಗೂ ತಿಳಿಸಿರಲಿಲ್ಲ.

ಯಾಕೆ ತಿಳಿಸಲಿಲ್ಲ ಅಂತ ಆಮೇಲೆ ಕೇಳಿದಾಗ ಎರಡು ಕಾರಣ ಹೇಳಿದರು, ಎರಡನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಒಂದು, ಸತ್ತ ಹನುಮನನ್ನು ಹಾಗೇ ಕೊಳೆಯಲು ಬಿಡುವುದು ಪಾಪ, ಆಫೀಸಿನವರು ಬಂದರೆ ಕೊಯ್ದು ಸುಟ್ಟುಹಾಕುತ್ತಾರೆ. ಇನ್ನೊಂದು, ಅರಣ್ಯ ಇಲಾಖೆಯವರು ಬಂದರೆ ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ, ಒಮ್ಮೆ ನಿಂತರೆ ಮತ್ತೆ ಶುರು ಮಾಡುವುದು ಕಷ್ಟ. ಸೊಪ್ಪಿನ ಬೆಟ್ಟದ ಹಕ್ಕಿನ ತಗಾದೆ ಗೊತ್ತಿರುವವರಿಗೆ ಈ ಭಯ ಎಲ್ಲಿಂದ ಬಂತು ಅಂತ ವಿವರಿಸಬೇಕಿಲ್ಲ.

ಆಶಾ ಕಾರ್ಯಕರ್ತೆ ಅಲ್ಲಿಂದಲೇ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರ್ ಹೊಸಬರು, ಬಯಲುಸೀಮೆ ಕಡೆಯವರು, ಮಲೆನಾಡಿನಲ್ಲಿ ಅದು ಅವರ ಮೊದಲ ಬೇಸಿಗೆ. ಆದರೆ ಬಂದು ನೋಡಿದಾಗ ಒಂದು ವಿಷಯ ಗಮನಿಸಿದರು: ಜ್ವರ 103 ಡಿಗ್ರಿ ಇದೆ, ನಾಡಿ ಮಾತ್ರ ನಿಧಾನ. ಅಷ್ಟು ಜ್ವರಕ್ಕೆ ನಾಡಿ ಓಡಬೇಕು. ಕೆಂಪು ಕಣ್ಣು, ನಿಧಾನದ ನಾಡಿ, ವಿಪರೀತ ಮೈಕೈ ನೋವು, ಇಳಿದ ಬಿಳಿ ರಕ್ತಕಣ. ಒಂದೊಂದೇ ನೋಡಿದರೆ ಏನೂ ಹೇಳುವುದಿಲ್ಲ, ನಿಧಾನದ ನಾಡಿ ಟೈಫಾಯ್ಡಿನಲ್ಲೂ ಇರುತ್ತದೆ. ಅದರ ಜೊತೆಗೆ ಸತ್ತ ಮುಸುವ ಮತ್ತು ದರಕಿನ ರಾಶಿ ಸೇರಿದಾಗ ಅನುಮಾನ ಗಟ್ಟಿಯಾಯಿತು. ವರದಿಗೆ ಕಾಯದೆ ಅವತ್ತೇ ಡೈಕ್ಲೊಫೆನಾಕ್ ನಿಲ್ಲಿಸಿದರು, ರಕ್ತದ ಮಾದರಿ ತೆಗೆದು ಐಸ್ ಪ್ಯಾಕಿನಲ್ಲಿ ಶಿವಮೊಗ್ಗದ ವೈರಸ್ ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿದರು, ಕಮಲಕ್ಕನನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದರು. ಮನೆಯವರು "ವರದಿ ಬರಲಿ, ಆಮೇಲೆ ನೋಡೋಣ, ಕೊಟ್ಟಿಗೆ ನೋಡಿಕೊಳ್ಳುವವರು ಯಾರು" ಅಂತ ಎಳೆದಾಡಿದರು. ಡಾಕ್ಟರ್ ಒಪ್ಪಲಿಲ್ಲ. ಆ ಹಟ ಸರಿಯಾಗಿತ್ತು, ಯಾಕೆಂದರೆ ಆಸ್ಪತ್ರೆ ಸೇರಿದ ರಾತ್ರಿಯೇ ಮೂಗು ಮತ್ತು ವಸಡಿನಿಂದ ರಕ್ತ ಬರಲು ಶುರುವಾಯಿತು.

ಆರ್‌ಟಿ-ಪಿಸಿಆರ್ ಪಾಸಿಟಿವ್ ಬಂತು.

ಈ ಕಾಯಿಲೆಗೆ ಅಂತಲೇ ಇರುವ ಔಷಧಿ ಇಲ್ಲ. ಸಲೈನ್, ಜ್ವರದ ನಿರ್ವಹಣೆ, ರಕ್ತಕಣಗಳ ಮೇಲೆ ಕಣ್ಣು, ಬೇಕಾದರೆ ಪ್ಲೇಟ್‌ಲೆಟ್. ಇಷ್ಟನ್ನೇ ಹೊತ್ತಿಗೆ ಸರಿಯಾಗಿ ಮಾಡಿದರೆ ಹೆಚ್ಚಿನವರು ಬದುಕುತ್ತಾರೆ, ಸಾವಿನ ಪ್ರಮಾಣ ಸಾಮಾನ್ಯವಾಗಿ 3ರಿಂದ 5 ಶೇಕಡಾ ಅನ್ನುತ್ತಾರೆ. ಕಮಲಕ್ಕನೂ ಚೇತರಿಸಿಕೊಂಡು ಮನೆಗೆ ಬಂದರು.

ಡಿಸ್ಚಾರ್ಜ್ ಚೀಟಿಯ ಮೇಲೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಕೈಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರು: ಮೂರು ವಾರದೊಳಗೆ ಮತ್ತೆ ಜ್ವರ, ತಲೆನೋವು, ಕೈ ನಡುಕ, ಮಾತಿನಲ್ಲಿ ಗೊಂದಲ ಕಂಡರೆ ಕಾಯಬೇಡಿ, ತಕ್ಷಣ ಬನ್ನಿ. ಮಂಗನ ಕಾಯಿಲೆ ಕೆಲವರಲ್ಲಿ ಎರಡು ಸುತ್ತಿನಲ್ಲಿ ಬರುತ್ತದೆ. ಮೊದಲ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ಆಮೇಲೆ ಮಿದುಳಿಗೆ ಸಂಬಂಧಪಟ್ಟ ತೊಂದರೆ. ಹತ್ತರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಕಮಲಕ್ಕನಿಗೂ ಆಯಿತು. ಒಂದು ಬೆಳಿಗ್ಗೆ ಮಗಳ ಹೆಸರು ತಪ್ಪಿ ಕರೆದರು, ಲೋಟ ಹಿಡಿದ ಕೈ ನಡುಗುತ್ತಿತ್ತು. ಆ ಸಾಲು ಓದಿದ್ದ ಮಗಳು ಮಧ್ಯಾಹ್ನದೊಳಗೆ ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದಳು. ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದ್ದಿದ್ದರೆ ದೆವ್ವವೋ ದೃಷ್ಟಿಯೋ ಅಂತ ಎರಡು ದಿನ ಕಳೆಯುತ್ತಿದ್ದೆವು ಅಂತ ಅವಳೇ ನನಗೆ ಹೇಳಿದ್ದು.

ಅವರು ಪೂರ್ತಿ ಹುಷಾರಾದರು, ಆದರೆ ಮಳೆಗಾಲ ಬರುವವರೆಗೂ ಸುಸ್ತು ಹೋಗಲಿಲ್ಲ. ಒಂದು ಹಸು ಮಾರಬೇಕಾಯಿತು.

ಉಳಿದಿಬ್ಬರು

ಅದೇ ಬೆಟ್ಟದ ದರಕು ಪಕ್ಕದ ಮನೆಗೂ ಹೋಗಿತ್ತು. ಅಲ್ಲಿನ ಹಿರಿಯರನ್ನು ಶೇಷಣ್ಣ ಅನ್ನೋಣ, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಇತ್ತು. ಕಮಲಕ್ಕ ಆಸ್ಪತ್ರೆ ಸೇರಿದ ಹೊತ್ತಿನಲ್ಲೇ ಅವರಿಗೂ ಜ್ವರ. ಆಶಾ ಕಾರ್ಯಕರ್ತೆ ಬಂದು ರಕ್ತ ಪರೀಕ್ಷೆ ಮಾಡಿಸಿ ಅಂದರೆ ಅವರದ್ದು ಒಂದೇ ಮಾತು: "ನಂಗೆ ಅದು ಬರಲ್ಲ ತಂಗಿ, ನಾನು ಇಂಜೆಕ್ಷನ್ ಹಾಕಿಸ್ಕೊಂಡಿದೀನಿ."

ಹಾಕಿಸಿಕೊಂಡಿದ್ದು ನಿಜ. ಹಲವು ವರ್ಷದ ಹಿಂದೆ, ಎರಡು ಡೋಸ್. ಇಲ್ಲಿ ಲಸಿಕೆಯ ಕಥೆ ಹೇಳಲೇಬೇಕು. 1990ರಿಂದ ನಮ್ಮ ರಾಜ್ಯದಲ್ಲಿ 6ರಿಂದ 65 ವರ್ಷದವರಿಗೆ ಕೆಎಫ್‌ಡಿ ಲಸಿಕೆ ಕೊಡುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷಕ್ಕೊಂದು ಬೂಸ್ಟರ್ ಐದು ವರ್ಷ. ಇಷ್ಟು ಸಲ ಯಾರು ಹೋಗುತ್ತಾರೆ? ಅದೂ ಚುಚ್ಚಿದರೆ ತೋಳು ಎತ್ತಲು ಬಾರದಷ್ಟು ನೋವು ಕೊಡುವ ಇಂಜೆಕ್ಷನ್. ಒಂದು ದಿನದ ಕೂಲಿ ಹೋಗುತ್ತದೆ, ಮರುದಿನದ್ದೂ ಹೋಗುತ್ತದೆ. 2005ರಿಂದ 2010ರವರೆಗಿನ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಎರಡು ಡೋಸ್ ಮಾತ್ರ ಆದವರಲ್ಲಿ ಸುಮಾರು 62 ಶೇಕಡಾ, ಬೂಸ್ಟರ್ ಕೂಡ ಆದವರಲ್ಲಿ ಸುಮಾರು 83 ಶೇಕಡಾ ರಕ್ಷಣೆ ಅಂತ ಬಂತು. ಆಮೇಲಿನ ವರ್ಷಗಳಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬರುವುದು ಕಂಡು, ಅದರ ಶಕ್ತಿಯ ಬಗ್ಗೆಯೇ ಪ್ರಶ್ನೆ ಎದ್ದು, 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಲಸಿಕೆ ನಿಂತಿದೆ ಅನ್ನುವ ಸುದ್ದಿ ಊರಿಗೆ ತಲುಪಿತ್ತು. ಹಳೆಯ ಲಸಿಕೆಯನ್ನು ಇನ್ನು ನಂಬಿಕೊಂಡು ಕೂರಬೇಡಿ ಅನ್ನುವ ಮಾತು ತಲುಪಿರಲಿಲ್ಲ. ಒಂದು ಕಾರ್ಯಕ್ರಮ ನಿಲ್ಲಿಸುವಾಗ ಅದು ಬಿಟ್ಟುಹೋಗುವ ಧೈರ್ಯವನ್ನೂ ಜನರಿಂದ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ, ಅದನ್ನು ಯಾರೂ ಮಾಡಲಿಲ್ಲ.

ಶೇಷಣ್ಣ ಮನೆಯಲ್ಲೇ ಮಲಗಿದ್ದರು. ಮಗ ಬೆಂಗಳೂರಿಂದ ಬಂದು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವಾಗ ಹೊಟ್ಟೆಯಲ್ಲಿ ರಕ್ತಸ್ರಾವ ಶುರುವಾಗಿತ್ತು. ಉಳಿಯಲಿಲ್ಲ. ಅವರದ್ದೂ ಕೆಎಫ್‌ಡಿ ಅಂತ ವರದಿ ಬಂತು.

ಮೂರನೆಯವನು ದರಕು ಹೊತ್ತ ಆಳುಗಳಲ್ಲಿ ಒಬ್ಬ. ಕೊಯ್ಲಿನ ಕೆಲಸಕ್ಕೆ ಅಂತ ಬಯಲುಸೀಮೆಯಿಂದ ಬಂದ ಹುಡುಗ. ಜ್ವರ ಬಂದ ಕೂಡಲೇ ಬಸ್ಸು ಹತ್ತಿ ತನ್ನೂರಿಗೆ ಹೋಗಿಬಿಟ್ಟಿದ್ದ. ಅಲ್ಲಿ ಮಂಗನ ಕಾಯಿಲೆ ಯಾರ ತಲೆಗೆ ಹೊಳೆಯಬೇಕು? ಆಶಾ ಕಾರ್ಯಕರ್ತೆ ಆಳುಗಳ ಮೇಸ್ತ್ರಿಯ ಹತ್ತಿರ ನಂಬರು ತೆಗೆದುಕೊಂಡು ಫೋನ್ ಮಾಡದಿದ್ದರೆ ಅವನು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಮಾದರಿ ತೆಗೆಯುವಷ್ಟರಲ್ಲಿ ಎರಡು ವಾರ ಆಗಿತ್ತು, ಪಿಸಿಆರ್ ನೆಗೆಟಿವ್. ಅಲ್ಲಿಗೇ ಕೈಬಿಡುವವರಿದ್ದರು. ಪಿಸಿಆರ್ ಹುಡುಕುವುದು ರಕ್ತದಲ್ಲಿರುವ ವೈರಸ್ಸನ್ನು, ಅದು ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ತಡವಾಗಿ ಬಂದವರಿಗೆ ಐಜಿಎಂ ಎಂಬ ಪ್ರತಿಕಾಯ ನೋಡಬೇಕು. ಅದನ್ನು ಮಾಡಿಸಿದಾಗ ಪಾಸಿಟಿವ್ ಬಂತು. ಹುಡುಗ ಅಷ್ಟರಲ್ಲಿ ತಾನಾಗಿಯೇ ಗುಣವಾಗಿದ್ದ.

ಊರಿನಲ್ಲಿ ಏನೇನು ಮಾಡಿದರು

ಮೊದಲು ಮಾಡಿದ್ದು ಮಾಮೂಲಿ ಕೆಲಸ. ಬೆಟ್ಟದಲ್ಲಿ ಮಂಗದ ಕಳೇಬರ ಹುಡುಕಿದರು, ಸಿಕ್ಕಿತು, ಆದರೆ ಪರೀಕ್ಷೆಗೆ ತೆಗೆಯಲು ಏನೂ ಉಳಿಯದಷ್ಟು ಕೊಳೆತಿತ್ತು. ಸುಟ್ಟು, ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕಿದರು. ಇದು ಆ ಜಾಗದಲ್ಲಿ ಮುಂದೆ ಉಣ್ಣೆ ಕಚ್ಚುವುದನ್ನು ತಡೆಯಬಹುದು, ಆದರೆ ಆ ಜಾಗದ ದರಕು ಆಗಲೇ ಎರಡು ಮನೆಯ ಅಂಗಳ ಸೇರಿತ್ತಲ್ಲ.

ನಮ್ಮ ತಂಡ ಉಣ್ಣೆ ಹಿಡಿಯಿತು. ವಿಧಾನ ತುಂಬ ಸರಳ, ಬಿಳಿ ಬಟ್ಟೆಯನ್ನು ನೆಲದ ಮೇಲೆ ನಿಧಾನಕ್ಕೆ ಎಳೆಯುತ್ತಾ ಹೋಗುವುದು, ಉಣ್ಣೆ ಅದಕ್ಕೆ ಹತ್ತಿಕೊಳ್ಳುತ್ತದೆ, ಚಿಮುಟದಿಂದ ತೆಗೆದು ಸೀಸೆಗೆ ಹಾಕುವುದು. ದರಕು ಗುಡಿಸಿದ್ದ ಬೆಟ್ಟದ ಉಣ್ಣೆಗಳಲ್ಲಿ ವೈರಸ್ ಸಿಕ್ಕಿತು. ಮನೆಯ ಪಕ್ಕದ ರಾಶಿಯಲ್ಲೂ ಅದೇ ಜಾತಿಯ ಉಣ್ಣೆ ಇದ್ದವು, ಆದರೆ ಅವುಗಳಲ್ಲಿ ವೈರಸ್ ಸಿಗಲಿಲ್ಲ. ಹಾಗಾಗಿ ಕಮಲಕ್ಕನಿಗೆ ದರಕಿನಿಂದಲೇ ಬಂತು ಅಂತ ಕೋರ್ಟಿನಲ್ಲಿ ಹೇಳುವಷ್ಟು ಸಾಕ್ಷಿ ನಮ್ಮ ಹತ್ತಿರ ಇಲ್ಲ. ಬೆಟ್ಟಕ್ಕೆ ಮೇಯಲು ಹೋಗಿ ಬಂದ ಹಸುವಿನ ಮೈಮೇಲೆ ಬಂದಿರಬಹುದು. ಎರಡರಲ್ಲಿ ಯಾವುದಾದರೂ ಕಚ್ಚಿದ ಜಾಗ ಮಾತ್ರ ಕೊಟ್ಟಿಗೆಯೇ.

ಆಮೇಲೆ ಎಣ್ಣೆಯ ವಿಷಯ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಂಡುಹಿಡಿದ ಡೆಪಾ ಎಣ್ಣೆ, ಮೈಗೆ ಹಚ್ಚಿಕೊಂಡರೆ ಉಣ್ಣೆ ಹತ್ತುವುದಿಲ್ಲ, ಆರೋಗ್ಯ ಇಲಾಖೆ ಪುಕ್ಕಟೆ ಕೊಡುತ್ತದೆ. ಈ ಊರಿಗೂ ಬಂದಿತ್ತು. ಬಾಟಲಿಗಳು ಎಲ್ಲಿವೆ ಅಂತ ಆಶಾ ಕಾರ್ಯಕರ್ತೆ ಮನೆ ಮನೆ ನೋಡಿದರೆ ಹೆಚ್ಚಿನವು ಕಿಟಕಿಯ ಮೇಲೆ ಸೀಲು ಒಡೆಯದೆ ಕೂತಿದ್ದವು. ಬೆವರಿದರೆ ಅಂಟಂಟು, ವಾಸನೆ, ಇದೆಲ್ಲ ಗಂಡಸರ ದೂರು. ಹೆಂಗಸರನ್ನು ಕೇಳಿದರೆ ದೂರೇ ಇಲ್ಲ, ಯಾಕೆಂದರೆ ಅವರು ಹಚ್ಚಿಯೇ ಇರಲಿಲ್ಲ. "ಅದು ಕಾಡಿಗೆ ಹೋಗೋರಿಗೆ ಕೊಟ್ಟಿದ್ದಲ್ವಾ?" ಅಂದರು. ಹೌದು, ಕೊಡುವಾಗ ಹಾಗೇ ಹೇಳಿ ಕೊಟ್ಟಿದ್ದು.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಉತ್ತರ. ಕ್ಲಿನಿಕ್ಕಿನ ಪ್ರಶ್ನೆ, ಆಶಾ ಪುಸ್ತಕದ ಪ್ರಶ್ನೆ, ಎಣ್ಣೆ ಹಂಚುವಾಗಿನ ಮಾತು, ಗೋಡೆ ಮೇಲಿನ ಪೋಸ್ಟರ್, ಎಲ್ಲವೂ ಕಾಡಿನೊಳಗೆ ಸೌದೆ ಕಡಿಯುವ ಒಬ್ಬ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸಂಶೋಧನೆ ಮಾತ್ರ ಬೇರೆ ಹೇಳುತ್ತಿತ್ತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನುಷ್ಯರಿಗೆ ಕಾಯಿಲೆ ಬರುವ ಸಾಧ್ಯತೆ ಎಲ್ಲಿ ಜಾಸ್ತಿ ಅಂತ ನಕ್ಷೆ ಮಾಡಿದಾಗ, ಕಾಡು ಮತ್ತು ತೋಟ ಬೆರೆತಿರುವ, ನಾಟಿ ದನ ಹೆಚ್ಚಿರುವ ಕಡೆಗಳು ಎದ್ದು ಕಂಡವು. ಅಂದರೆ ಜನ ವಾಸ ಮಾಡುವ ಜಾಗವೇ. ಅದಕ್ಕೂ ಬಹಳ ಹಿಂದೆ, 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದು ಗೇರು ಹಾಕಲು ಹೊರಟಾಗ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಕಾಡಿನ ಅಂಚೇ ಅಪಾಯದ ಜಾಗ ಅನ್ನುವುದು ಹೊಸ ವಿಷಯವೇನಲ್ಲ, ಕೇಳುವ ಪ್ರಶ್ನೆಗೆ ಇಳಿದು ಬಂದಿರಲಿಲ್ಲ ಅಷ್ಟೇ.

ಆರೋಗ್ಯ ಕೇಂದ್ರದ ಡಾಕ್ಟರ್ ಮೇಲಿಂದ ಆದೇಶ ಬರಲಿ ಅಂತ ಕಾಯಲಿಲ್ಲ. ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಕೈಯಲ್ಲೇ ಗೆರೆ ಎಳೆದು ಮೂರು ಪ್ರಶ್ನೆ ಸೇರಿಸಿದರು: ಕೊಟ್ಟಿಗೆ ಕೆಲಸ ಮಾಡುತ್ತೀರಾ, ದರಕು ಅಥವಾ ಸೌದೆ ಮುಟ್ಟಿದ್ದೀರಾ, ಸುತ್ತ ಎಲ್ಲಾದರೂ ಮಂಗ ಸತ್ತಿದೆಯಾ. ಎಣ್ಣೆ ಬಾಟಲಿಯನ್ನು ಮನೆಯೊಳಗೆ ಕೊಡುವ ಬದಲು ಕೊಟ್ಟಿಗೆ ಬಾಗಿಲಿನ ಮೊಳೆಗೆ ತೂಗಿಹಾಕಿಸಿದರು, ಹಾಲು ಕರೆಯಲು ಹೋಗುವಾಗ ಕೈಗೆ ಕಾಲಿಗೆ ಹಚ್ಚಿಕೊಳ್ಳುವ ಹಾಗೆ. ಕೆಲಸ ಮುಗಿದ ಮೇಲೆ ಬಿಸಿನೀರು, ಸೋಪು, ಬಟ್ಟೆ ಬದಲಾವಣೆ. ಪಶುವೈದ್ಯರು ದನದ ಬೆನ್ನಿಗೆ ಸುರಿಯುವ ಉಣ್ಣೆ ಔಷಧಿ ಕೊಟ್ಟರು.

ದರಕು ತರಬೇಡಿ ಅಂತಲೂ ಒಂದು ಸಭೆಯಲ್ಲಿ ಹೇಳಿ ನೋಡಿದರು. ಒಬ್ಬ ಅಜ್ಜ ಎದ್ದು, "ತೋಟಕ್ಕೆ ಗೊಬ್ಬರ ನೀವು ಕೊಡ್ತೀರಾ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಅದನ್ನು ಬಿಟ್ಟು, ಮಂಗ ಸತ್ತ ಬೆಟ್ಟದ ದರಕನ್ನು ಆ ವರ್ಷ ಮುಟ್ಟುವುದು ಬೇಡ, ರಾಶಿಯನ್ನು ಅಂಗಳದಿಂದ ದೂರ ಹಾಕೋಣ, ಬೇಸಿಗೆಯ ಆ ಕೆಲವು ತಿಂಗಳು ಕೊಟ್ಟಿಗೆಗೆ ಅಡಿಕೆ ಸಿಪ್ಪೆ ಮತ್ತು ಹುಲ್ಲು ಹಾಸೋಣ ಅನ್ನುವಷ್ಟಕ್ಕೆ ಹೆಚ್ಚಿನ ಮನೆಯವರು ಒಪ್ಪಿದರು. ಎಲ್ಲರೂ ಅಲ್ಲ. ಅಡಿಕೆ ಸಿಪ್ಪೆ ಇಲ್ಲದ, ಒಂದೇ ಹಸು ಇರುವ, ತೋಟವೇ ಇಲ್ಲದ ಮನೆಗಳೂ ಇವೆ, ಅವರಿಗೆ ಬೆಟ್ಟವೇ ಗತಿ.

ಮಂಗ ಸತ್ತ ಸುದ್ದಿಯ ವಿಷಯದಲ್ಲಿ ಆದ ರಾಜಿ ನನಗೆ ತುಂಬ ಹಿಡಿಸಿತು. ಅರಣ್ಯ ಇಲಾಖೆಯ ಸ್ಥಳೀಯ ಅಧಿಕಾರಿ ಊರಿನವರ ಮುಂದೆ ಎರಡು ಮಾತು ಒಪ್ಪಿಕೊಂಡರು: ಪುಡಿ ಹಾಕಿದ ಜಾಗ ಬಿಟ್ಟು ಉಳಿದ ಬೆಟ್ಟಕ್ಕೆ ತಡೆ ಇಲ್ಲ, ಮತ್ತು ಮಾದರಿ ತೆಗೆದ ಮೇಲೆ ಸುಡುವ ಮೊದಲು ಊರಿನವರು ದೂರ ನಿಂತು ಹೂವು ಹಾಕಿ ಕೈಮುಗಿಯಬಹುದು. ಮುಟ್ಟುವ ಹಾಗಿಲ್ಲ ಅಷ್ಟೇ. ಇದಾದ ಮೇಲೆ ಅದೇ ಬೇಸಿಗೆಯಲ್ಲಿ ಇನ್ನೊಂದು ಮುಸುವ ಸತ್ತಾಗ ಅವತ್ತೇ ಫೋನ್ ಬಂತು. ಕಳೇಬರ ತಾಜಾ ಇತ್ತು, ಮಾದರಿ ತೆಗೆದರು, ಪಾಸಿಟಿವ್ ಬಂತು, ಆ ಬದಿಯ ಮನೆಗಳಿಗೆ ಅದೇ ವಾರ ಎಣ್ಣೆ ಹೋಯಿತು. ಆ ಬದಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಎಚ್ಚರಿಕೆಯಿಂದಲೇ ಬರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಈ ಕಾಯಿಲೆ ಒಂದು ವರ್ಷ ಬಂದ ಕಡೆ ಮರುವರ್ಷ ಬಾರದೆಯೂ ಇರುತ್ತದೆ, ಅದರ ದಾರಿಯೇ ಹಾಗೆ.

ಮರುವರ್ಷ ಡಾಕ್ಟರಿಗೆ ವರ್ಗವಾಯಿತು. ಪುಸ್ತಕಗಳು ಹೊಸದಾಗಿ ಅಚ್ಚಾಗಿ ಬಂದವು, ಅದರಲ್ಲಿ ಆ ಮೂರು ಪ್ರಶ್ನೆ ಇರಲಿಲ್ಲ. ಆಶಾ ಕಾರ್ಯಕರ್ತೆ ಮತ್ತೆ ಗೆರೆ ಎಳೆದುಕೊಂಡಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ನಡೆಸುತ್ತಿವೆ. ಅದು ಬಂದಾಗ ಯಾರಿಗೆ ಮೊದಲು ಅಂತ ಪಟ್ಟಿ ಮಾಡುತ್ತಾರಲ್ಲ, ಆ ಪಟ್ಟಿಯಲ್ಲಿ ಕೊಟ್ಟಿಗೆಯ ಹೆಂಗಸರೂ ಕೊಯ್ಲಿಗೆ ಬಂದುಹೋಗುವ ಆಳುಗಳೂ ಇರಬೇಕು. ಆಳುಗಳದ್ದೇ ಕಷ್ಟ. ಅವರ ಹೆಸರು ಯಾವ ಊರಿನ ಪುಸ್ತಕದಲ್ಲೂ ಇಲ್ಲ, ಇಲ್ಲಿ ಉಣ್ಣೆ ಕಚ್ಚಿಸಿಕೊಂಡು ಜ್ವರ ಬರುವಷ್ಟರಲ್ಲಿ ಇನ್ನೆಲ್ಲೋ ಇರುತ್ತಾರೆ. ಸದ್ಯಕ್ಕೆ ಆ ಊರಿನಲ್ಲಿ ಮಾಡಿರುವುದು ಇಷ್ಟು: ಕೆಲಸ ಮುಗಿಸಿ ಹೊರಡುವವರ ಕೈಗೆ ಮೇಸ್ತ್ರಿ ಒಂದು ಚೀಟಿ ಕೊಡುತ್ತಾನೆ. ಮಂಗನ ಕಾಯಿಲೆ ಇರುವ ಊರಿನಲ್ಲಿ ಕೆಲಸ ಮಾಡಿದ್ದೇನೆ, ಜ್ವರ ಬಂದರೆ ಕೆಎಫ್‌ಡಿ ಪರೀಕ್ಷೆ ಮಾಡಿಸಿ ಅಂತ ಅದರಲ್ಲಿ ಇದೆ, ಕೆಳಗೆ ಆರೋಗ್ಯ ಕೇಂದ್ರದ ಫೋನ್ ನಂಬರ್.